ಧನಿಯಾ ಪುಡಿ ಎಷ್ಟು ಹಾಕಿದರೂ ಸಾರಿಗೆ ಘಮ ಬರುತ್ತಿಲ್ಲ, ಮೇಲೆ ಕಹಿ ಬೇರೆ. ಏನು ಮಾಡಲಿ?

ದಾವಣಗೆರೆಗೆ ಹೊಸದಾಗಿ ಬಂದು ಅಡುಗೆ ಶುರು ಮಾಡಿದ್ದೀರಿ. ಹೆಸರುಕಾಳಿನ ಸಾರಿಗೆ ಪಾಕೀಟಿನ ಧನಿಯಾ ಪುಡಿಯನ್ನು ಎರಡು ಚಮಚದಿಂದ ನಾಲ್ಕಕ್ಕೆ ಏರಿಸಿದರೂ ಘಮ ಇಲ್ಲ, ಗಸಿ ತಳಕ್ಕೆ ಕೂರುತ್ತೆ, ಕಹಿ ಬರುತ್ತೆ ಎಂದಿದ್ದೀರಿ. ಮೊದಲು ಅಳತೆಯನ್ನು ಮತ್ತೆ ಎರಡಕ್ಕೇ ಇಳಿಸಿ. ಕೊತ್ತಂಬರಿ ಬೀಜದ ಘಮವೆಲ್ಲ ಇರುವುದು ಅದರ ಎಣ್ಣೆಯಲ್ಲಿ. ತೂಕದಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲು ಅಥವಾ ಅದಕ್ಕೂ ಕಡಿಮೆ, ಪುಡಿಯಾದ ಮೇಲೆ ಬೇಗ ಹಾರಿಹೋಗುತ್ತೆ. 100 ಗ್ರಾಂ ಬೀಜದಲ್ಲಿ 40 ಗ್ರಾಮಿಗೂ ಹೆಚ್ಚು ನಾರೇ ಇರುತ್ತೆ. ಹಳೇ ಪುಡಿಯನ್ನು ದುಪ್ಪಟ್ಟು ಹಾಕಿದರೆ ಸಾರಿಗೆ ಸೇರುವುದು ಈ ನಾರು, ನಿಮ್ಮ ಗಸಿಯೂ ಅದೇ.

ಕಿರಾಣಿ ಅಂಗಡಿಯಲ್ಲಿ ಇಡೀ ಬೀಜ 100 ಗ್ರಾಂ ತನ್ನಿ. ಅಂಗೈಯಲ್ಲಿ ನಾಲ್ಕು ಬೀಜ ತಿಕ್ಕಿ ಮೂಸಿ, ಘಮ ಏಳದಿದ್ದರೆ ಬೇಡ. ಸಣ್ಣ ಬೀಜದಲ್ಲಿ ಸಾಮಾನ್ಯವಾಗಿ ಎಣ್ಣೆ ಹೆಚ್ಚು. ಕಲ್ಲು, ಕಡ್ಡಿ ಆರಿಸಿ, ದಪ್ಪ ತಳದ ಬಾಣಲಿಯಲ್ಲಿ ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ 4-5 ನಿಮಿಷ ಕೈಯಾಡಿಸುತ್ತಾ ಹುರಿಯಿರಿ. ಬಣ್ಣ ಒಂದಿಷ್ಟೇ ಕೆಂಪಗಾಗಬೇಕು, ಬೆರಳಲ್ಲಿ ಒತ್ತಿದರೆ ಬೀಜ ಪಟ್ಟನೆ ಎರಡು ಹೋಳಾಗಬೇಕು. ಆ ಹದ ಬಂದ ಕೂಡಲೇ ತಟ್ಟೆಗೆ ಸುರಿಯಿರಿ. ಒಲೆ ಆರಿಸಿ ಬಾಣಲಿಯಲ್ಲೇ ಬಿಟ್ಟರೆ ತಳದ ಬಿಸಿಗೇ ಸೀಯುತ್ತೆ. ಸೀದ ಬೀಜದ ಕಹಿ ಬೆಲ್ಲ, ಹುಣಸೆಹಣ್ಣು ಯಾವುದಕ್ಕೂ ಹೋಗಲ್ಲ. ಜೀರಿಗೆಯನ್ನು ಜೊತೆಗೇ ಹಾಕಿ ಹುರಿಯಬೇಡಿ, ಧನಿಯಾ ಹದಕ್ಕೆ ಬರುವಷ್ಟರಲ್ಲಿ ಅದು ಕಪ್ಪಾಗಿರುತ್ತೆ.

ಪೂರ್ತಿ ಆರಿದ ಮೇಲೆ ಮಿಕ್ಸಿಗೆ ಹಾಕಿ. ಬಿಸಿ ಇದ್ದಾಗಲೇ ಹಾಕಿದರೆ ಹಬೆ ಮುಚ್ಚಳದಲ್ಲಿ ನೀರಾಗಿ ಪುಡಿ ಗಂಟು ಕಟ್ಟುತ್ತೆ. ಒಂದೇ ಸಮನೆ ಓಡಿಸದೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ.

ಇನ್ನು ಕಹಿಯ ವಿಷಯ. ಒಗ್ಗರಣೆಯ ಕಾದ ಎಣ್ಣೆಗೇ ಪುಡಿ ಸುರಿಯುತ್ತಿದ್ದೀರಿ ಅನ್ನಿಸುತ್ತೆ. ಪುಡಿ ಅಲ್ಲಿ ಅರ್ಧ ನಿಮಿಷವೂ ತಡೆಯಲ್ಲ. ಈರುಳ್ಳಿ ಬಾಡಿ ಟೊಮೆಟೊ ಕರಗಿದ ಮೇಲೆ ಉರಿ ಇಳಿಸಿ ಮಸಾಲೆ ಹಾಕಿ, ಕಾಲು ಲೋಟ ನೀರು ಬಿಟ್ಟು, ಅಂಚಿನಲ್ಲಿ ಎಣ್ಣೆ ಕಾಣುವವರೆಗೆ ಬಾಡಿಸಿ.

ನಾಲ್ಕು ಜನಕ್ಕೆ, ಒಂದು ಲೋಟ ಹೆಸರುಕಾಳಿಗೆ ಎರಡು ಟೀ ಚಮಚ ಧನಿಯಾ ಪುಡಿ, ಒಂದೂವರೆ ಚಮಚ ಬ್ಯಾಡಗಿ ಖಾರದ ಪುಡಿ ಸಾಕು. ಧನಿಯಾ ಪುಡಿಯನ್ನು ಹಾಗೇ ನೀರಿಗೆ ಉದುರಿಸುವುದಕ್ಕಿಂತ ಒಂದು ಹಿಡಿ ಹಸಿಕಾಯಿ ತುರಿ, ಎರಡು ದೊಡ್ಡ ಚಮಚ ಬೆಂದ ಕಾಳಿನ ಜೊತೆ ನುಣ್ಣಗೆ ರುಬ್ಬುವುದೇ ಮೇಲು. ಸಾರು ಮಂದವಾಗುತ್ತೆ, ಗಸಿ ತಳಕ್ಕಿಳಿಯಲ್ಲ. ರುಬ್ಬಿದ್ದು ಬಾಡಿದ ಮೇಲೆ ಕಾಳು, ಅದರ ಕಟ್ಟು ಸೇರಿಸಿ 8-10 ನಿಮಿಷ ಕುದಿಸಿ, ಇಲ್ಲದಿದ್ದರೆ ಹಸಿ ವಾಸನೆ ಉಳಿಯುತ್ತೆ. ಕುದಿಯಲ್ಲಿ ಘಮ ಒಂದಿಷ್ಟು ಹೋಗೇ ಹೋಗುತ್ತೆ. ಅದಕ್ಕೇ ಒಲೆ ಆರಿಸಿದ ಮೇಲೆ ಕಾಲು ಚಮಚ ಹೊಸ ಪುಡಿ ಉದುರಿಸಿ ಐದು ನಿಮಿಷ ಮುಚ್ಚಿಡಿ. ಮುದ್ದೆಗಾದರೆ ಸಾರು ಇನ್ನೂ ಸ್ವಲ್ಪ ತೆಳ್ಳಗಿರಲಿ.

ರೊಟ್ಟಿಗೆ ಎಣ್ಣೆಗಾಯಿ ಮಾಡುವಾಗ ಮಾತ್ರ ಧನಿಯಾ ತರಿಯಾಗಿರಬೇಕು. ಎಂಟು ಸಣ್ಣ ಬದನೆಕಾಯಿಗೆ ಹುರಿದ ಶೇಂಗಾ ನಾಲ್ಕು ದೊಡ್ಡ ಚಮಚ, ಒಣಕೊಬ್ಬರಿ ಎರಡು, ಎಳ್ಳು ಒಂದು, ಧನಿಯಾ ಒಂದು.

ಪುಡಿಯನ್ನು ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ, ಒಲೆಯಿಂದ ದೂರ ಇಡಿ. ಎರಡು ತಿಂಗಳಿಗೆ ಆಗುವಷ್ಟೇ ಮಾಡಿ. ಈಗ ಮನೆಯಲ್ಲಿರುವ ಪಾಕೀಟನ್ನು ಮೂಸಿ ನೋಡಿ, ಕಮಟು ಇಲ್ಲದಿದ್ದರೆ ಎಣ್ಣೆಗಾಯಿಯ ಮಸಾಲೆ ಮಂದವಾಗಲು ಒಂದು ಚಮಚ ಹಾಕಿ ಖರ್ಚು ಮಾಡಿ.