ಇಂಗ್ಲಿಷ್ ಮಾತಾಡುವ ವ್ಯಾಂಕೂವರ್‌ನಲ್ಲಿ ಫ್ರೆಂಚ್ ಸರ್ಕಾರಿ ಹೈಸ್ಕೂಲ್ ಯಾಕಿದೆ? ಕನ್ನಡದ ಮಕ್ಕಳು ಸೇರಬಹುದಾ?

ಸಂವಿಧಾನವೇ ಕೊಟ್ಟ ಹಕ್ಕಿನಿಂದ. 1982ರ ಕೆನಡಾ ಹಕ್ಕುಗಳ ಸನ್ನದಿನ 23ನೇ ವಿಧಿ ಪ್ರಕಾರ, ಸಾಕಷ್ಟು ಮಕ್ಕಳಿದ್ದರೆ ಫ್ರೆಂಚ್ ಅಲ್ಪಸಂಖ್ಯಾತರಿಗೆ ಸರ್ಕಾರದ ಹಣದಲ್ಲೇ ಫ್ರೆಂಚ್ ಶಾಲೆ ಕೊಡಬೇಕು. ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಇದಕ್ಕೆಂದೇ 1995ರಿಂದ ಪ್ರತ್ಯೇಕ ಶಾಲಾ ಮಂಡಳಿ ಇದೆ. ವ್ಯಾಂಕೂವರ್‌ನ ಝೂಲ್ ವೆರ್ನ್ ಹೈಸ್ಕೂಲ್ ಅದರದ್ದೇ. ಅಲ್ಲಿ ಗಣಿತ, ವಿಜ್ಞಾನವೂ ಫ್ರೆಂಚ್‌ನಲ್ಲಿ. ಇಂಗ್ಲಿಷ್ ಒಂದು ವಿಷಯವಾಗಿ ಇರುತ್ತದೆ.

ಆದರೆ ಒಳ್ಳೆಯ ಕಟ್ಟಡಗಳು ಸುಮ್ನೆ ಸಿಗಲಿಲ್ಲ. ಮಂಡಳಿ ಮತ್ತು ಪೋಷಕರು ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿದರು. ಶಾಲೆ ಚಿಕ್ಕದಾದರೂ ಕಲಿಕೆಯ ಗುಣಮಟ್ಟ ಇಂಗ್ಲಿಷ್ ಶಾಲೆಗೆ ಸಮನಾಗಿರಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೈಸ್ಕೂಲಿಗೆ ಈ ತೀರ್ಪು ಜೀವಾಳ ಅಂತ ನನಗನ್ನಿಸುತ್ತದೆ. ಒಳ್ಳೆಯ ಲ್ಯಾಬು, ಜಿಮ್ ಇಲ್ಲದಿದ್ದರೆ ಹದಿಹರೆಯದವರು ಪಕ್ಕದ ಇಂಗ್ಲಿಷ್ ಶಾಲೆಗೆ ಹೋಗಿಬಿಡುತ್ತಾರೆ, ಅಲ್ವಾ?

ಈ ಹಕ್ಕು ಮುಖ್ಯವಾಗಿ ಪೌರತ್ವವಿರುವ ಪೋಷಕರದ್ದು. ಅವರಲ್ಲೊಬ್ಬರ ಮೊದಲ ಭಾಷೆ ಫ್ರೆಂಚ್ ಆಗಿರಬೇಕು. ಇಲ್ಲವೇ ಕೆನಡಾದಲ್ಲಿ ಪ್ರಾಥಮಿಕ ಶಾಲೆಯನ್ನು ಫ್ರೆಂಚ್ ಮಾಧ್ಯಮದಲ್ಲಿ ಓದಿರಬೇಕು. ಮಗುವಿನ ಅಕ್ಕ, ಅಣ್ಣ ಅಂಥ ಶಾಲೆಯಲ್ಲಿ ಓದಿದ್ದರೂ ಆದೀತು.

ಹಾಗಾಗಿ ಮನೆಯಲ್ಲಿ ಕನ್ನಡ ಆಡುವ ಹೆಚ್ಚಿನವರಿಗೆ ಇಂಗ್ಲಿಷ್ ಮಂಡಳಿಗಳ ಫ್ರೆಂಚ್ ಇಮರ್ಷನ್ ಸರಿಯಾದ ದಾರಿ. ಪಾಠಗಳನ್ನೇ ಫ್ರೆಂಚ್‌ನಲ್ಲಿ ಮಾಡಿ ಭಾಷೆ ಕಲಿಸುವ ಅದು ಫ್ರೆಂಚ್ ಬಾರದ ಮಕ್ಕಳಿಗಾಗಿಯೇ ಇರುವುದು. ಶಿಶುವಿಹಾರದಲ್ಲೋ ಒಂದನೇ ತರಗತಿಯಲ್ಲೋ ಸೇರಿಸಬಹುದು, ಕೆಲವೆಡೆ ಆರನೇ ತರಗತಿಯಲ್ಲೂ.