ಬೇವು, ಜಾಲಿ ಟೊಂಗೆಗೆ ಯಾವ ಚಿಪ್ಪರ್ ತಗೋಬೇಕು?

ಇಂಡಿ ಕಡೆ ಮರ ಕಡಿಯುವ ಕೆಲಸ ಹಿಡಿಯುತ್ತೀರಿ, 45 ಎಚ್‌ಪಿ ಟ್ರ್ಯಾಕ್ಟರ್ ಇದೆ, ಚಿಪ್ಪರ್ (ಟೊಂಗೆಯನ್ನು ಚಕ್ಕೆ ಮಾಡುವ ಮಷಿನ್) ವರ್ಮೀರ್ ಕಂಪನಿಯದ್ದು ತಗೊಳ್ಳಲೋ ಬ್ಯಾಂಡಿಟ್ ಕಂಪನಿಯದ್ದು ತಗೊಳ್ಳಲೋ ಅಂತ ಕೇಳಿದ್ದೀರಿ ಅಲ್ವಾ ಅಣ್ಣಾ? ನನ್ನನ್ನು ಕೇಳಿದರೆ ಸದ್ಯಕ್ಕೆ ಎರಡೂ ಬೇಡ.

ಎರಡೂ ಅಮೆರಿಕದ ಗಟ್ಟಿ ಮಷಿನ್ನೇ. ವರ್ಮೀರ್ ಬಿಸಿ1000ಎಕ್ಸ್‌ಎಲ್ 12 ಇಂಚಿನ ದಿಮ್ಮಿ ತನಕ ನುಂಗುತ್ತದೆ. ಎಂಜಿನ್ ಮೇಲೆ ಲೋಡ್ ಜಾಸ್ತಿಯಾದರೆ, ಟೊಂಗೆಯನ್ನು ಒಳಗೆಳೆಯುವ ಫೀಡ್ ರೋಲರ್ ತಾನೇ ನಿಂತು ಟೊಂಗೆಯನ್ನು ಹಿಂದಕ್ಕೆ ತಳ್ಳುತ್ತದೆ. ಆದರೆ 12 ಇಂಚಿನ ಬೇವಿನ ದಿಮ್ಮಿಯನ್ನು ಯಾರು ಪುಡಿ ಮಾಡಿಸುತ್ತಾರೆ? ಸಾ ಮಿಲ್ಲಿನವರು ದುಡ್ಡು ಕೊಟ್ಟು ಒಯ್ಯುತ್ತಾರೆ. ನಿಮಗೆ ಉಳಿಯೋದು ಸಣ್ಣ ಟೊಂಗೆ, ಲಿಂಬೆ ಮುಳ್ಳು. ಅದಕ್ಕೆ ಟ್ರ್ಯಾಕ್ಟರ್ ಪಿಟಿಒದಿಂದ (ಹಿಂದಿನ ತಿರುಗುವ ಶಾಫ್ಟಿನಿಂದ) ಓಡುವ 5-6 ಇಂಚಿನ ಚಿಪ್ಪರ್ ಸಾಕು. ಹೈಡ್ರಾಲಿಕ್ ಫೀಡ್ ರೋಲರ್ ಮಾತ್ರ ಇರಲೇಬೇಕು. ಇಲ್ಲದಿದ್ದರೆ ಜಾಲಿ ಟೊಂಗೆ ಕೈಯಿಂದ ತಳ್ಳಿ ತಳ್ಳಿ ಆಳುಗಳು ಮರುದಿನ ಈ ಕಡೆ ತಲೆ ಹಾಕೋದಿಲ್ಲ.

ಬ್ರ್ಯಾಂಡಿಗಿಂತ ಬ್ಲೇಡ್ ನೋಡಿ. ಒಣ ಜಾಲಿ, ಮಣ್ಣು ಮೆತ್ತಿದ ಬುಡ, ತೊಗಟೆಯೊಳಗೆ ಸೇರಿದ ಬೇಲಿ ತಂತಿ, ಇವೇ ಬ್ಲೇಡಿನ ಶತ್ರುಗಳು. ಹರಿತ ಹೋದರೆ ಚಕ್ಕೆ ಬದಲು ನಾರು ನಾರಾಗಿ ಬೀಳುತ್ತದೆ. ಸಾಣೆ ಹಿಡಿಸುವಾಗ ಎಲ್ಲ ಬ್ಲೇಡನ್ನೂ ಸಮನಾಗಿ ಹಿಡಿಸಿ. ಒಂದು ಹಗುರಾದರೂ ಬ್ಲೇಡ್ ಕೂರಿಸಿದ ಡಿಸ್ಕ್ ಅದುರಿ ಬೇರಿಂಗ್ ಹಾಳಾಗುತ್ತದೆ.

ಬ್ಲೇಡ್, ಬೆಲ್ಟ್ ವಿಜಯಪುರದಲ್ಲೋ ಸೋಲಾಪುರದಲ್ಲೋ ಸಿಗುತ್ತಾ ಅಂತ ಮೊದಲೇ ಕೇಳಿ. ಡೆಮೋಗೆ ಅವರು ತರುವ ಹಸಿ ಸುಬಾಬುಲ್ ನೋಡಿ ಮರುಳಾಗಬೇಡಿ, ನಿಮ್ಮ ಒಣ ಜಾಲಿ ಹಾಕಿಸಿ. ಹಾಂ, ಮಷಿನ್ ಹತ್ತಿರ ನಿಲ್ಲುವವರ ಹೆಗಲ ಮೇಲೆ ಟವೆಲ್ ಇರಬಾರದು.