ಮಗಳ ಶಿಕ್ಷಕಿ ನಾಲ್ಕು ತಿಂಗಳಿಂದ ಅನಾರೋಗ್ಯ ರಜೆಯಲ್ಲಿದ್ದಾರೆ. ಅವರನ್ನು ಬದಲಾಯಿಸಿ ಎಂಬ ಪತ್ರಕ್ಕೆ ನಾನೂ ಸಹಿ ಹಾಕಬೇಕೇ?

ನೀವು ಎರಡು ವಿಷಯ ಕೇಳಿದ್ದೀರಿ. ಏಳನೇ ತರಗತಿಯ ಪೋಷಕರೆಲ್ಲ ಸೇರಿ ‘ಈ ಶಿಕ್ಷಕಿಯನ್ನು ತೆಗೆದು ಬೇರೆಯವರನ್ನು ನೇಮಿಸಿ’ ಎಂದು ಬರೆದಿರುವ ಪತ್ರಕ್ಕೆ ಸಹಿ ಹಾಕಬೇಕೇ ಎಂಬುದು ಒಂದು. ಅವರ ಕಾಯಿಲೆ ಯಾವುದೆಂದು ತಿಳಿಯುವ ಹಕ್ಕು ಪೋಷಕರಿಗೆ ಇದೆಯೇ ಎಂಬುದು ಇನ್ನೊಂದು.

ಸಹಿ ಹಾಕಬೇಡಿ. ಹಾಗೆಂದು ಸುಮ್ಮನೆಯೂ ಕೂರಬೇಡಿ, ಬೇರೊಂದು ಪತ್ರ ಬರೆಯಿರಿ. ಅದರಲ್ಲಿ ಏನಿರಬೇಕು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. 2023ರಲ್ಲಿ ಇಂಥದೇ ಪತ್ರವೊಂದಕ್ಕೆ ಮೂವತ್ತೊಂದು ಮಂದಿ ಸಹಿ ಹಾಕಿದ್ದರು. ತೆಗೆಯಬೇಕೆಂದು ಅದರಲ್ಲಿ ಬರೆದಿದ್ದುದು ನನ್ನನ್ನೇ.

ನಾನು ಬೆಂಗಳೂರಿನ ಪಶ್ಚಿಮ ಭಾಗದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಗೆ ಗಣಿತ ಕಲಿಸುತ್ತೇನೆ. ಆ ವರ್ಷ ಜೂನ್‌ನಿಂದಲೇ ಕೆಮ್ಮು ಹಿಡಿದಿತ್ತು. ಸೀಮೆಸುಣ್ಣದ ಧೂಳು, ಮಳೆಗಾಲ, ದಿನಕ್ಕೆ ಆರು ಪೀರಿಯಡ್ ಕೂಗಿ ಪಾಠ ಮಾಡುವುದು ಎಂದು ನಾನೇ ಒಂದೊಂದು ಕಾರಣ ಕೊಟ್ಟುಕೊಂಡು ಮೂರು ಬಾಟಲಿ ಕೆಮ್ಮಿನ ಔಷಧಿ ಕುಡಿದೆ. ಸಂಜೆಯಾದರೆ ಸಣ್ಣ ಜ್ವರ ಬರುತ್ತಿತ್ತು. ಸೀರೆಯ ರವಿಕೆಗಳು ಸಡಿಲವಾದವು. ಆಗಸ್ಟ್‌ನಲ್ಲಿ ಕಫದ ಪರೀಕ್ಷೆ ಮಾಡಿಸಿದಾಗ ಶ್ವಾಸಕೋಶದ ಕ್ಷಯ ಎಂದು ಬಂತು. ನನ್ನ ತೂಕ ಆಗ 47 ಕಿಲೋ. ಆ ತೂಕಕ್ಕೆ ದಿನಕ್ಕೆ ಮೂರು ಮಾತ್ರೆ, ಪ್ರತಿಯೊಂದರಲ್ಲೂ ನಾಲ್ಕು ಔಷಧಿಗಳು. ಎರಡು ತಿಂಗಳು ಹಾಗೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿಗಳು. ಒಟ್ಟು ಆರು ತಿಂಗಳು.

ಒಂದು ತಿಂಗಳ ರಜೆ ಸಾಕು ಎಂದುಕೊಂಡಿದ್ದೆ. ಸರಿಯಾದ ಔಷಧಿ ಶುರುವಾಗಿ ಸುಮಾರು ಎರಡು ವಾರ ಕಳೆದರೆ ರೋಗ ಇನ್ನೊಬ್ಬರಿಗೆ ಹರಡುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ ಎಂದು ವೈದ್ಯರು ಹೇಳಿದ್ದರು. ಆದರೆ ಐದನೇ ವಾರಕ್ಕೆ ವಾಂತಿ ಶುರುವಾಯಿತು, ಕಣ್ಣು ಹಳದಿಯಾಯಿತು. ಕ್ಷಯದ ಔಷಧಿ ಕೆಲವರ ಯಕೃತ್ತಿಗೆ ಒಗ್ಗುವುದಿಲ್ಲ. ಆಗ ಎಲ್ಲ ಮಾತ್ರೆಗಳನ್ನೂ ನಿಲ್ಲಿಸಿ, ರಕ್ತ ಪರೀಕ್ಷೆ ಮಾಡುತ್ತಾ, ಒಂದೊಂದೇ ಔಷಧಿಯನ್ನು ಮತ್ತೆ ಸೇರಿಸಬೇಕಾಗುತ್ತದೆ. ಹೀಗೆ ನನ್ನ ರಜೆ ಸೆಪ್ಟೆಂಬರ್‌ನಿಂದ ಅಕ್ಟೋಬರ್‌ಗೆ, ಅಲ್ಲಿಂದ ಡಿಸೆಂಬರ್‌ಗೆ ಹೋಯಿತು. ‘ಮತ್ತೆ ರಜೆ ಮುಂದುವರಿಸಿದ್ದಾರಂತೆ’ ಎಂದು ಕೇಳುವವರಿಗೆ ಅದು ಉಡಾಫೆಯಂತೆ ಕಾಣಬಹುದು. ಪ್ರತಿ ಬಾರಿಯೂ ರಜೆಯ ಅರ್ಜಿ ಬರೆಯುವಾಗ ನನ್ನ ಕೈ ನಡುಗುತ್ತಿತ್ತು. ಗಣಿತದ ಶಿಕ್ಷಕಿಯಾಗಿ ಉಳಿದ ಪೀರಿಯಡ್‌ಗಳ ಲೆಕ್ಕ ನನಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ಪೋಷಕರು ಮೊದಲ ವಾರ ತುಂಬ ಒಳ್ಳೆಯ ಮಾತುಗಳನ್ನು ಆಡಿದರು. ‘ಬೇಗ ಗುಣವಾಗಿ ಬನ್ನಿ ಮಿಸ್’ ಎಂಬ ಸಂದೇಶಗಳು ನನ್ನ ಮೊಬೈಲ್‌ನಲ್ಲಿ ಈಗಲೂ ಇವೆ. ಸೆಪ್ಟೆಂಬರ್ ಇಡೀ ಮೌನ. ದಸರಾ ರಜೆಗೆ ಮುಂಚಿನ ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು ಬಂದವು, ಮೌನ ಮುರಿಯಿತು. ನನ್ನ ಸಹೋದ್ಯೋಗಿಯೊಬ್ಬರ ಮಗ ನನ್ನ ಹತ್ತನೇ ತರಗತಿಯಲ್ಲಿ ಇದ್ದುದರಿಂದ ಪೋಷಕರ ವಾಟ್ಸಾಪ್ ಗುಂಪಿನ ಮಾತುಗಳು ನನಗೂ ತಲುಪುತ್ತಿದ್ದವು. ಅವರು ತೋರಿಸಬಾರದಿತ್ತು, ನಾನು ಓದಬಾರದಿತ್ತು. ಓದಿದೆ.

‘ಪೋರ್ಷನ್ ಮುಗಿದಿಲ್ಲ.’ ಅದು ನಿಜವೇ. ‘ಈ ವರ್ಷದಿಂದ ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆ ಎನ್ನುತ್ತಿದ್ದಾರೆ, ನಮ್ಮ ಮಕ್ಕಳ ಗತಿ ಏನು?’ ನ್ಯಾಯವಾದ ಆತಂಕ, ಆ ಪದ್ಧತಿ ಜಾರಿಗೆ ಬಂದಿದ್ದು ಅದೇ ಸಾಲಿನಲ್ಲಿ. ‘ಫೀಸ್ ಪೂರ್ತಿ ಕಟ್ಟಿದ್ದೇವೆ.’ ಅದೂ ಸರಿ. ‘ಮನೆಯಲ್ಲಿ ಕುಳಿತು ಸಂಬಳ ಎಣಿಸುತ್ತಿದ್ದಾರೆ.’ ಇದು ಮಾತ್ರ ಪೂರ್ತಿ ಸುಳ್ಳು.

ಸಂಬಳದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಪೋಷಕರಲ್ಲಿ ಹೆಚ್ಚಿನವರಿಗೆ ಇದು ತಿಳಿದಿರುವುದಿಲ್ಲ. ಸರ್ಕಾರಿ ಶಿಕ್ಷಕರಿಗೆ ಪ್ರತಿ ವರ್ಷದ ಸೇವೆಗೆ 20 ದಿನಗಳ ಅರ್ಧ ವೇತನ ರಜೆ ಜಮೆಯಾಗುತ್ತದೆ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟರೆ ಅದನ್ನು ಪೂರ್ಣ ವೇತನದ ಪರಿವರ್ತಿತ ರಜೆಯಾಗಿ ಪಡೆಯಬಹುದು. ಒಂದು ದಿನಕ್ಕೆ ಎರಡು ದಿನ ಕಳೆಯುತ್ತಾರೆ, ಅಷ್ಟೇ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವ ನೌಕರರಿಗೆ ಕ್ಷಯ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆ ಬಂದರೆ, ನಿಗದಿತ ಷರತ್ತುಗಳು ಪೂರೈಸಿದ್ದಲ್ಲಿ, ಕೂಲಿಯ ಶೇಕಡ 80ರಷ್ಟು ಭತ್ಯೆ ಎರಡು ವರ್ಷದವರೆಗೂ ಸಿಗುವ ಅವಕಾಶವಿದೆ. ಆದರೆ ತಿಂಗಳ ಸಂಬಳ 21,000 ರೂಪಾಯಿ ದಾಟಿದವರು ಇಎಸ್‌ಐ ವ್ಯಾಪ್ತಿಗೆ ಬರುವುದಿಲ್ಲ. ನನ್ನ ಸಂಬಳ ಅದನ್ನು ಸ್ವಲ್ಪವೇ ದಾಟಿತ್ತು. ಅತ್ತ ಸರ್ಕಾರಿ ರಜೆಯೂ ಇಲ್ಲ, ಇತ್ತ ಇಎಸ್‌ಐ ಕೂಡ ಇಲ್ಲ. ಹನ್ನೆರಡು ದಿನಗಳ ಸಾಂದರ್ಭಿಕ ರಜೆ ಮುಗಿದ ಮರುದಿನದಿಂದ ನನ್ನದು ಸಂಬಳವಿಲ್ಲದ ರಜೆ. ಆ ತಿಂಗಳುಗಳಲ್ಲಿ ನನ್ನ ಖಾತೆಗೆ ಬಂದ ಹಣವೆಂದರೆ ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿ. (2024ರ ನವೆಂಬರ್‌ನಿಂದ ಅದನ್ನು 1,000 ಮಾಡಿದ್ದಾರೆ.)

ಇನ್ನೊಂದು ಕಡೆ, ನನ್ನ ಸಂಬಳ ಉಳಿಸಿದ ಶಾಲೆ ಅಕ್ಟೋಬರ್ ಮುಗಿಯುವವರೆಗೂ ಬದಲಿ ಶಿಕ್ಷಕರನ್ನು ನೇಮಿಸಲಿಲ್ಲ. ಭೌತಶಾಸ್ತ್ರದ ಮೇಷ್ಟ್ರಿಗೆ ಎರಡು ವಿಭಾಗಗಳನ್ನು ಒಟ್ಟಿಗೆ ಕೂರಿಸಿ ಗಣಿತವನ್ನೂ ನೋಡಿಕೊಳ್ಳಿ ಎಂದರು. ಪೋಷಕರು ವಿಚಾರಿಸಿದಾಗಲೆಲ್ಲ ಕಚೇರಿಯಿಂದ ಬರುತ್ತಿದ್ದ ಉತ್ತರ ‘ವೈಯಕ್ತಿಕ ಕಾರಣಕ್ಕೆ ರಜೆಯಲ್ಲಿದ್ದಾರೆ, ಶೀಘ್ರದಲ್ಲೇ ಬರುತ್ತಾರೆ’ ಎಂದು. ಮಕ್ಕಳ ಪಾಠ ಕೆಟ್ಟಿದ್ದಕ್ಕೆ ನಿಜವಾದ ಕಾರಣ ಇದು. ಆದರೆ ಮೂವತ್ತೊಂದು ಸಹಿಗಳ ಪತ್ರದಲ್ಲಿ ಈ ವಿಷಯದ ಒಂದು ಸಾಲೂ ಇರಲಿಲ್ಲ.

ನನ್ನ ಕಾಯಿಲೆ ಏನೆಂದು ಹೊರಗೆ ಬಿದ್ದದ್ದು ಹೀಗೆ. 2012ರಿಂದ ಯಾವುದೇ ವೈದ್ಯರು ಕ್ಷಯ ಪತ್ತೆ ಮಾಡಿದರೂ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಅದು ಒಳ್ಳೆಯ ನಿಯಮ. ಅದರಿಂದಾಗಿಯೇ ಆರೋಗ್ಯ ಕಾರ್ಯಕರ್ತೆಯೊಬ್ಬರು ನಮ್ಮ ಮನೆಗೆ ಬಂದು ನನ್ನ ಪತಿ, ಅತ್ತೆ, ಮಗ ಎಲ್ಲರನ್ನೂ ತಪಾಸಣೆ ಮಾಡಿಸಿದರು. ಅವರು ಬಾಗಿಲಲ್ಲಿ ವಿಳಾಸ ವಿಚಾರಿಸಿದ್ದನ್ನು ಕೇಳಿಸಿಕೊಂಡ ಎದುರು ಮನೆಯವರ ತಂಗಿಯ ಮಗ ನಮ್ಮ ಶಾಲೆಯಲ್ಲಿ ಓದುತ್ತಿದ್ದ. ಅಂದು ರಾತ್ರಿಯೇ ಗುಂಪಿನಲ್ಲಿ ಸಂದೇಶ: ‘ಮ್ಯಾಥ್ಸ್ ಮಿಸ್‌ಗೆ ಟಿಬಿ ಅಂತೆ.’

ಆಮೇಲಿನ ಮೂರು ದಿನಗಳನ್ನು ನಾನು ಮರೆಯಲಾರೆ. ಮಕ್ಕಳ ನೋಟ್‌ಬುಕ್‌ಗಳನ್ನು ನಾನು ಮುಟ್ಟಿದ್ದೇನೆ, ಅವನ್ನು ಸುಡಬೇಕೇ ಎಂದು ಒಬ್ಬರು ಕೇಳಿದ್ದರು. ಸ್ಟಾಫ್ ರೂಮಿನ ಲೋಟಗಳ ಬಗ್ಗೆ ಇನ್ನೊಬ್ಬರು. ಕ್ಷಯ ಹರಡುವುದು ಗಾಳಿಯಿಂದ. ಪುಸ್ತಕ, ಲೋಟ, ತಟ್ಟೆ, ಕೈಕುಲುಕುವುದು ಯಾವುದರಿಂದಲೂ ಅಲ್ಲ. ಕ್ಷಯದ ಬಗ್ಗೆ ಇಡೀ ದೇಶದ ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಡುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಿಂದ ಇದೇ ಊರಿನ ಬಳ್ಳಾರಿ ರಸ್ತೆಯಲ್ಲಿದೆ. ಅದರ ಮುಂದೆ ದಿನವೂ ಓಡಾಡುವ ನಮಗೆ ಇಷ್ಟೂ ತಲುಪಿಲ್ಲವಲ್ಲ ಎಂದು ನನಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಯಿತು.

ಆದರೆ ಎಲ್ಲರ ಭಯವೂ ಮೂಢನಂಬಿಕೆಯಲ್ಲ. ಪೋಷಕರ ಸಭೆಯಲ್ಲಿ ಅತಿ ಜೋರಾಗಿ ಕೂಗಾಡಿದ ತಂದೆಯೊಬ್ಬರ ಮನೆಯಲ್ಲಿ ಎಂಬತ್ತರ ಸಮೀಪದ, ಸಕ್ಕರೆ ಕಾಯಿಲೆಯ ಅಜ್ಜಿ ಇದ್ದರು. ಅಜ್ಜಿಯ ಪಕ್ಕದಲ್ಲೇ ಮೊಮ್ಮಗ ಮಲಗುತ್ತಿದ್ದ. ಸಕ್ಕರೆ ಕಾಯಿಲೆ ಇರುವವರಿಗೆ ಕ್ಷಯ ಬರುವ ಅಪಾಯ ಹೆಚ್ಚು. ನಾನು ಜೂನ್ ಮತ್ತು ಜುಲೈ ಎರಡು ತಿಂಗಳೂ ಆ ಹುಡುಗನ ತರಗತಿಯಲ್ಲಿ ಕೆಮ್ಮುತ್ತಾ ಪಾಠ ಮಾಡಿದ್ದೆ, ಮಳೆಗೆಂದು ಕಿಟಕಿಗಳನ್ನು ಮುಚ್ಚಿಸಿದ್ದೆ. ಆ ತಂದೆಗೆ ಆಗಸ್ಟ್‌ನಲ್ಲೇ ಯಾರಾದರೂ ‘ತರಗತಿಯಲ್ಲಿ ಒಬ್ಬರಿಗೆ ಕ್ಷಯ ಪತ್ತೆಯಾಗಿದೆ, ಮಕ್ಕಳಿಗೆ ಎರಡು ವಾರ ಮೀರಿದ ಕೆಮ್ಮು, ಜ್ವರ, ತೂಕ ಇಳಿಕೆ ಇದ್ದರೆ ತಕ್ಷಣ ತೋರಿಸಿ’ ಎಂದು ಹೇಳಬೇಕಾಗಿತ್ತು. ಹೆಸರು ಹೇಳದೆಯೇ ಇಷ್ಟನ್ನು ಹೇಳಬಹುದಿತ್ತು. ನಾನೂ ಅದಕ್ಕಾಗಿ ಹಠ ಹಿಡಿಯಬೇಕಿತ್ತು. ನಾಚಿಕೆಯಿಂದ, ಭಯದಿಂದ ಹಿಡಿಯಲಿಲ್ಲ. ಮಕ್ಕಳ ತಪಾಸಣೆ ನಡೆದದ್ದು ನವೆಂಬರ್‌ನಲ್ಲಿ. ಯಾರಿಗೂ ಏನೂ ಇರಲಿಲ್ಲ. ವರದಿ ಕೈಗೆ ಬರುವವರೆಗೆ ನಾನು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಶಿಕ್ಷಕಿಯ ಗರ್ಭಕೋಶದ ಶಸ್ತ್ರಚಿಕಿತ್ಸೆಯೋ ಮನಸ್ಸಿನ ಬೇನೆಯೋ ಬೆನ್ನುಮೂಳೆಯ ತೊಂದರೆಯೋ ನಿಮಗೆ ತಿಳಿಯಬೇಕಾದ ವಿಷಯವಲ್ಲ. ಮಕ್ಕಳಿಗೆ ಅಂಟುವಂಥದ್ದೇ, ತಪಾಸಣೆ ಬೇಕೇ ಎಂಬುದು ಮಾತ್ರ ನೀವು ಕೇಳಲೇಬೇಕಾದ ಪ್ರಶ್ನೆ. ಅದನ್ನು ಶಾಲೆಯನ್ನು ಕೇಳಿ, ನೆರೆಮನೆಯವರನ್ನಲ್ಲ.

ಒಬ್ಬ ತಾಯಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕಾಮಾಕ್ಷಿಪಾಳ್ಯದಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುವವರು. ಪತ್ರ ಸಿದ್ಧವಾಗುತ್ತಿದ್ದ ದಿನಗಳಲ್ಲೇ ನನಗೆ ಫೋನ್ ಮಾಡಿದರು. ಕಾಯಿಲೆ ಏನೆಂದು ಕೇಳಲಿಲ್ಲ, ಯಾವಾಗ ಬರುತ್ತೀರಿ ಎಂದೂ ಕೇಳಲಿಲ್ಲ. ‘ಮಿಸ್, ಥೇಲ್ಸ್ ಪ್ರಮೇಯ ನಮ್ಮ ಹುಡುಗಿಗೆ ಅರ್ಥವಾಗುತ್ತಿಲ್ಲವಂತೆ. ನೀವು ಹೋದ ವರ್ಷ ಬರೆಸಿದ ನೋಟ್ಸ್ ಇದ್ದರೆ ಆ ಮೇಷ್ಟ್ರಿಗೆ ಕೊಡಿಸಲು ಆಗುತ್ತದೆಯೇ? ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ’ ಎಂದರು. ಎರಡು ತಿಂಗಳಿಂದ ಮನೆಯಲ್ಲಿ ನಾನು ರೋಗಿ, ಗುಂಪಿನಲ್ಲಿ ಸುದ್ದಿ, ಶಾಲೆಯ ಹಾಜರಿ ಪುಸ್ತಕದಲ್ಲಿ ಖಾಲಿ ಜಾಗ. ಆ ಫೋನ್ ಬಂದ ಮೇಲೆ ಮತ್ತೆ ಶಿಕ್ಷಕಿಯಾದೆ. ಮರುದಿನ ಹಾಸಿಗೆಯ ಮೇಲೆಯೇ ಒರಗಿ ಕುಳಿತು ಸಮಾಂತರ ಶ್ರೇಢಿ, ತ್ರಿಭುಜಗಳು, ತ್ರಿಕೋನಮಿತಿ ಮೂರು ಅಧ್ಯಾಯಗಳ ಟಿಪ್ಪಣಿ ಜೋಡಿಸಿದೆ. ಅವರು ಬಂದರು, ಗೇಟಿನ ಬಳಿ ನಿಲ್ಲದೆ ಒಳಗೆ ಬಂದು ಕುರ್ಚಿಯಲ್ಲಿ ಕುಳಿತರು, ನೀರು ಕೇಳಿ ಕುಡಿದರು. ನಮ್ಮ ಮನೆಯ ಲೋಟದಲ್ಲಿ.

ಪತ್ರದಿಂದ ಆದದ್ದೇನು? ಆಡಳಿತ ಮಂಡಳಿ ನನಗೆ ರಾಜೀನಾಮೆಯ ಸೂಚನೆ ಕೊಟ್ಟಿತು. ಮುಖ್ಯೋಪಾಧ್ಯಾಯಿನಿ ನನ್ನ ಪರ ನಿಂತದ್ದರಿಂದ ಕೆಲಸ ಉಳಿಯಿತು. ನವೆಂಬರ್ ಮೊದಲ ವಾರ ನಿವೃತ್ತ ಗಣಿತ ಶಿಕ್ಷಕರೊಬ್ಬರನ್ನು ತಾತ್ಕಾಲಿಕವಾಗಿ ಕರೆಸಿದರು. ಆಗಸ್ಟ್‌ನಲ್ಲೇ ಕರೆಸಬಹುದಾಗಿದ್ದವರು ಅವರು. ಸಂಕ್ರಾಂತಿ ಕಳೆದು ನಾನು ಮರಳಿದೆ. ನನ್ನ ಕಫದಲ್ಲಿ ರೋಗಾಣು ಇಲ್ಲವೆಂಬ ವರದಿ ಬಂದು ಆಗಲೇ ತಿಂಗಳುಗಳಾಗಿದ್ದವು. ಆದರೂ ಇಬ್ಬರು ಪೋಷಕರು ತಮ್ಮ ಮಕ್ಕಳನ್ನು ಹಿಂದಿನ ಬೆಂಚಿಗೆ ಕಳುಹಿಸಲು ಹೇಳಿದ್ದರು. ಆ ಇಬ್ಬರು ಮಕ್ಕಳ ಮುಖ ತಗ್ಗಿತ್ತು. ನಾನು ಏನೂ ಗಮನಿಸದವಳಂತೆ ಪಾಠ ಶುರು ಮಾಡಿದೆ.

ಇನ್ನು ನಿಮ್ಮ ಪತ್ರ. ಮುಖ್ಯೋಪಾಧ್ಯಾಯರ ಹೆಸರಿಗೆ ಬರೆಯಿರಿ. ಶಿಕ್ಷಕಿಯ ಹೆಸರು ಎಲ್ಲಿಯೂ ಬೇಡ. ‘ಏಳನೇ ತರಗತಿಗೆ ಈ ವಿಷಯದ ಬದಲಿ ಶಿಕ್ಷಕರು ಯಾವ ದಿನಾಂಕದಿಂದ ಬರುತ್ತಾರೆ? ಇದುವರೆಗೆ ಯಾವ ಪಾಠಗಳು ಆಗಿವೆ, ಯಾವುವು ಬಾಕಿ ಇವೆ? ಬಾಕಿ ಪಾಠಗಳಿಗೆ ಹೆಚ್ಚುವರಿ ತರಗತಿ ಎಂದು? ಮಕ್ಕಳ ಆರೋಗ್ಯದ ದೃಷ್ಟಿಯಿಂದ ನಾವು ತಿಳಿಯಬೇಕಾದದ್ದು ಏನಾದರೂ ಇದೆಯೇ?’ ಇಷ್ಟು ಸಾಕು. ಉತ್ತರ ಲಿಖಿತವಾಗಿಯೇ ಬೇಕು ಎಂದು ಕೇಳಿ, ಒಂದು ವಾರದ ಗಡುವು ಕೊಡಿ. ಗುಂಪಿನಲ್ಲಿ ಇದನ್ನು ಹಾಕಿದರೆ ಹಳೆಯ ಪತ್ರಕ್ಕೆ ಸಹಿ ಹಾಕಿದವರಲ್ಲಿಯೂ ಕೆಲವರು ಈ ಕಡೆ ಬರುತ್ತಾರೆ. ಅವರಿಗೆ ಬೇಕಾಗಿರುವುದು ಪಾಠ, ಒಬ್ಬರ ಕೆಲಸ ಕಳೆಯುವುದಲ್ಲ ಎಂದು ನಾನು ಈಗಲೂ ನಂಬುತ್ತೇನೆ.

ಜೊತೆಗೆ ಆ ಶಿಕ್ಷಕಿಗೂ ಎರಡು ಸಾಲಿನ ಸಂದೇಶ ಕಳುಹಿಸಿ. ನಿಮ್ಮ ಮಗಳು ಈಗ ಯಾವ ಪಾಠದಲ್ಲಿದ್ದಾಳೆ, ಎಲ್ಲಿ ತೊಡಕಾಗಿದೆ ಎಂದು ಬರೆದರೂ ಆಗುತ್ತದೆ. ಉತ್ತರ ಬರದಿದ್ದರೆ ಬೇಸರ ಪಡಬೇಡಿ. ನನಗೆ ಬಂದ ಸಂದೇಶಗಳಲ್ಲಿ ಅರ್ಧಕ್ಕೂ ಆಗ ಉತ್ತರಿಸಲು ಆಗಿರಲಿಲ್ಲ. ಕೆಲವಕ್ಕೆ ಮಾರ್ಚ್‌ನಲ್ಲಿ, ಕೊನೆಯ ಮಾತ್ರೆ ನುಂಗಿದ ವಾರ ಕುಳಿತು ಉತ್ತರ ಬರೆದೆ.